ಬಾಗಿಲಿಗೆ ನೀರು ಹಾಕಿದವಳು

ಅವ್ವ,

ನೀನು ಓದಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಓದಿದ್ದರೂ ನನ್ನ ಬರವಣಿಗೆಯ ಕಲೆಗಿಂತ ಮೊದಲು ಕಾಗದದ ಮೇಲಿನ ಸಾರಿನ ಕಲೆ ನಿನ್ನ ಕಣ್ಣಿಗೆ ಬೀಳುತ್ತಿತ್ತು.

ಇವತ್ತು ಬೆಳಿಗ್ಗೆ ಜ್ವರ ಬಂದು ನಾನು ಏಳಲಿಲ್ಲ. ಐದೂವರೆಗೆ ಇವರ ಮೊಬೈಲಿಗೆ ಅರಣ್ಯ ಇಲಾಖೆಯವರ ಮೆಸೇಜು ಬಂತು. "ನಮ್ಮ ತೋಟದ ಕಡೆ ಆನೆ ಬಂದೈತಂತೆ ಕಣೇ, ಹುಷಾರು" ಎಂದು ಓದಿ ಹೇಳಿ, ಇವರು ಕಂಬಳಿಯೊಳಗೇ ಹುಷಾರಾದರು.

ಆಗ ಹೊರಗೆ ಪೊರಕೆಯ ಸದ್ದು ಕೇಳಿಸಿತು. ಓಡಿದೆ. ನನ್ನ ಎಂಟು ವರ್ಷದ ಚಂದನಾ ಅಂಗಳ ಗುಡಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿಯ ಚುಕ್ಕಿ ಇಡುತ್ತಿದ್ದಳು. ಬೇಲಿಯಾಚೆ ಗಾಳಿಯಿಲ್ಲದೆ ಹಲಸಿನ ಮರ ಅಲ್ಲಾಡುತ್ತಿತ್ತು. ಅವಳನ್ನು ಒಳಗೆಳೆದು ಚಿಲಕ ಹಾಕಿದೆ.

"ನೀನು ಮಲಗಿದ್ಯಲ್ಲಮ್ಮ. ಬಾಗ್ಲು ಹಂಗೇ ಒಣಗಿರಬಾರ್ದಲ್ವಾ?"

"ಎಷ್ಟು ಜಾಣೆ ನೋಡು ನನ್ನ ಮಗಳು!" ಎಂದರು ಇವರು, ಕಾಫಿ ಇನ್ನೂ ಬಂದಿಲ್ಲವೆಂಬ ಮುಖದಲ್ಲಿ.

ಆನೆ ನಿನ್ನನ್ನು ತುಳಿದ ಬೆಳಿಗ್ಗೆಯೂ ಅಂಗಳ ಅರ್ಧ ಗುಡಿಸಿದ ಹಾಗೇ ಇತ್ತು. ಪರೀಕ್ಷೆಗೆ ಓದಿ ನಾನು ಮಲಗಿದ್ದೆ. ಮಗಳು ಎದ್ದಿದ್ದರೆ ತಾಯಿ ಉಳಿಯುತ್ತಿದ್ದಳು ಎಂದು ಊರೆಲ್ಲ ಅಂದಿತು. ಅಪ್ಪನೂ ಅಣ್ಣನೂ ಮಲಗಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಂದಿನಿಂದ ನಿನ್ನೆಯವರೆಗೆ ಒಂದು ದಿನವೂ ತಪ್ಪಿಸದೆ ಐದಕ್ಕೇ ಎದ್ದಿದ್ದೇನೆ. ಅದನ್ನು ಚಂದನಾ ನೋಡಿ ಕಲಿಯುತ್ತಿದ್ದಳೆಂದು ಇವತ್ತು ಗೊತ್ತಾಯಿತು.

ಬಾಗಿಲಿನ ಕೀಲಿಯನ್ನು ನನ್ನ ದಿಂಬಿನ ಕೆಳಗಿಟ್ಟಿದ್ದೇನೆ. ನಾಳೆ ಬಿಸಿಲು ಬರುವ ತನಕ ತೆಗೆಯಬಾರದು ಎಂದುಕೊಂಡಿದ್ದೇನೆ. ಆದರೆ ಐದಕ್ಕೇ ಪೊರಕೆ ಹುಡುಕುವ ಈ ನನ್ನ ಕೈಯನ್ನು ಎಲ್ಲಿ ಬಚ್ಚಿಡಲಿ, ಅವ್ವ?