ಅಪ್ಪನ ತಲೆಯ ಹಿಂಭಾಗ

ಭಾನುವಾರ, ಮಧ್ಯಾಹ್ನ
ಸ್ಟುಡಿಯೋದ ಒಳಕೋಣೆ

ಪ್ರೀತಿಯ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನಾವಿಬ್ಬರೂ ಕ್ಷೇಮ, ಯಾರಿಗೂ ಏನೂ ಆಗಿಲ್ಲ. ಕೈಯಲ್ಲಿ ಫೋನ್ ಇಟ್ಟುಕೊಂಡು ಮಗಳು ಕಾಗದ ಬರೆದಿದ್ದಾಳೆ ಎಂದರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಎಂದು ನನಗೆ ಗೊತ್ತು. ಏನು ಮಾಡಲಿ, ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಹಾಸ್ಟೆಲ್ ವಾರ್ಡನ್ ಆದಮೇಲಂತೂ ಕೇಳುವುದೇ ಬೇಡ, ನಾನೂ ಹಾಜರಿ ಕೊಡಲು ತಡವಾದ ಹುಡುಗಿಯೇ ನಿನಗೆ. ಕಾಗದದಲ್ಲಾದರೆ ನೀನು ಬಾಯಿ ಹಾಕುವಂತಿಲ್ಲ. ನಿಧಾನವಾಗಿ ಓದು, ನಡುವೆ ಎದ್ದು ಹೋಗಬೇಡ.

ಮೊನ್ನೆ ನೀನು ಕೇಳಿದೆಯಲ್ಲ, ನಿಮ್ಮಪ್ಪನಿಗೆ ಬೇರೆ ಯಾರಾದ್ರೂ ಇದ್ದಾರಾ, ನಿಜ ಹೇಳು ಅಂತ. ಹಾಲು ಉಕ್ಕುತ್ತಿದೆ ಎಂದು ಹೇಳಿ ನಾನು ಫೋನ್ ಇಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ. ನಿನಗೆ ಏನೂ ಹೇಳಬಾರದೆಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಆದರೆ ಫೋನಿಡುವ ಮೊದಲು ನೀನು ಇನ್ನೊಂದು ಮಾತು ಹೇಳಿದ್ದೆ. ಅಲ್ಲಿನ ಕೆಲಸವನ್ನು ಕಾಯಂ ಮಾಡುತ್ತಾರಂತೆ, ಹಾಸ್ಟೆಲ್ ಹಿಂದೆಯೇ ಮನೆಯನ್ನೂ ಕೊಡುತ್ತಾರಂತೆ, ಈ ವಾರ ಒಪ್ಪಿಗೆ ಹೇಳಿಬಿಡುತ್ತೇನೆ ಅಂತ. ಆ ಮಾತು ಕೇಳಿದಾಗಿನಿಂದ ನನಗೆ ಊಟ ರುಚಿಸುತ್ತಿಲ್ಲ. ಆಣೆಯನ್ನು ಗಂಟು ಕಟ್ಟಿ ಮೂಲೆಗೆಸೆದಿದ್ದೇನೆ.

ಇಲ್ಲ ಅಮ್ಮ, ಅಪ್ಪನಿಗೆ ಯಾರೂ ಇಲ್ಲ. ಅಪ್ಪನಿಗೆ ಇಲ್ಲದ್ದು ತಲೆಯ ಹಿಂದೆ ಕೂದಲು. ಇಷ್ಟೇ ವಿಷಯ.

ನಗು ಬಂದರೆ ನಕ್ಕುಬಿಡು. ಆಮೇಲೆ ಮುಂದೆ ಓದು.

ಅಪ್ಪ ಮುಂದಲೆಗೆ ಕೂದಲು ನೆಡಿಸಿಕೊಂಡು ಬಂದಾಗ ದಿಂಬಿನ ಮೇಲೆ ದಿಂಬಿಟ್ಟು ಮಲಗಿಸಿದವಳು ನೀನೇ. ಮುಂದೆ ಸೊಂಪಾಗಿ ಬೆಳೆದಾಗ ಬಂದವರಿಗೆಲ್ಲ ನಮ್ಮನೆ ಮದುಮಗನನ್ನು ನೋಡಿ ಎಂದು ತೋರಿಸಿದವಳೂ ನೀನೇ. ಆ ಕೂದಲೆಲ್ಲ ಬಂದದ್ದು ಅಪ್ಪನ ಹಿಂದಲೆಯಿಂದ. ಒಂದೊಂದೇ ಬುಡ ಕಿತ್ತು ಮುಂದೆ ನೆಡುತ್ತಾರೆ. ಅಲ್ಲೊಂದು ಇಲ್ಲೊಂದು ಕಿತ್ತರೆ ಯಾರಿಗೂ ಗೊತ್ತಾಗುವುದಿಲ್ಲವಂತೆ. ಆದರೆ ನಮ್ಮ ಯಜಮಾನರು ಆ ಕ್ಲಿನಿಕ್ಕಿನಲ್ಲಿ ಕೂತು ಏನು ಹೇಳಿದರು ಗೊತ್ತಾ? ಹಿಂದೆಯಿಂದ ಎಷ್ಟು ಬೇಕಾದ್ರೂ ತಗೊಳ್ಳಿ, ಮುಂದೆ ತುಂಬಿಸಿ, ಹಿಂದೆಯಿಂದ ಯಾರ್ ಫೋಟೋ ತೆಗೀತಾರೆ ಅಂತ.

ಈ ತಪ್ಪನ್ನು ಪಾಸ್‌ಪೋರ್ಟ್ ಫೋಟೋ ತೆಗೆಯುವವರು ಬಿಟ್ಟು ಬೇರೆ ಯಾರೂ ಮಾಡಲಾರರು. ಮದುವೆಗೆ ಮುಂಚಿನಿಂದಲೂ ಈ ಮನುಷ್ಯ ಗದ್ದ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ, ಎರಡೂ ಕಿವಿ ಕಾಣಲಿ ಎಂದು ಹೇಳುತ್ತಲೇ ಬದುಕಿದ್ದಾನೆ. ಅವನ ಲೆಕ್ಕದಲ್ಲಿ ಮನುಷ್ಯನಿಗೆ ಇರುವುದು ಒಂದು ಮುಖ, ಎರಡು ಕಿವಿ, ಹಿಂದೆ ಒಂದು ಬಿಳಿ ಪರದೆ. ಆ ಕ್ಲಿನಿಕ್ಕಿನವರೂ ಪುಣ್ಯಾತ್ಮರು, ಹೇಳಿದ್ದೇ ತಡ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು. ಕಿವಿಯಿಂದ ಕಿವಿಯವರೆಗೆ ನುಸಿ ತಿಂದ ಉಣ್ಣೆ ಶಾಲಿನ ಹಾಗಾಗಿತ್ತು. ನೆಟ್ಟದ್ದು ಬೆಳೆಯುವವರೆಗೆ ಕತ್ತರಿ ತಾಕಿಸಬೇಡಿ ಎಂದಿದ್ದರಲ್ಲ, ಆರಂಭದಲ್ಲಿ ಉಳಿದ ಕೂದಲು ಉದ್ದವಿದ್ದದ್ದರಿಂದ ನಿನಗೂ ಕಾಣಲಿಲ್ಲ, ಅವನಿಗೂ ತಿಳಿಯಲಿಲ್ಲ.

ತಿಳಿದದ್ದು ಸ್ಟುಡಿಯೋದಲ್ಲಿ ಸಿಸಿ ಕ್ಯಾಮೆರಾ ಹಾಕಿಸಿದ ದಿನ. ನಾನು ಕಂಪ್ಯೂಟರ್ ಮುಂದೆ ಕೂತು ಯಾರದೋ ಫೋಟೋದ ಹಿನ್ನೆಲೆ ಬಿಳಿ ಮಾಡುತ್ತಿದ್ದೆ. ಅಪ್ಪ ಕೌಂಟರಿನ ಹತ್ತಿರ ನಿಂತು ಗೋಡೆಯ ಪರದೆ ನೋಡುತ್ತಿದ್ದವನು, ಪುಟ್ಟೀ, ಅದ್ಯಾರೇ ಆ ಯಜಮಾನ್ರು, ಅವರಿಗೆ ಕುರ್ಚಿ ಕೊಡು, ತಲೆ ನೋಡಿದ್ರೆ ಏನೋ ಕಾಯಿಲೆ ಇದ್ದಂಗಿದೆ ಅಂದ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಕೈ ಎತ್ತಿ ತೋರಿಸಿದ, ಪರದೆಯಲ್ಲಿದ್ದ ಯಜಮಾನರೂ ಕೈ ಎತ್ತಿದರು. ನನಗೆ ನಗು ಉಕ್ಕಿ ಬಂತು. ಆಮೇಲೆ ಅಪ್ಪನ ಮುಖ ನೋಡಿದೆ. ಅವತ್ತು ಬೇಗನೇ ಷಟರ್ ಎಳೆದೆವು.

ಮುಂದಿನದೆಲ್ಲ ನಿನ್ನ ಕಣ್ಣೆದುರೇ ಆದದ್ದು. ಆದರೆ ನಿನಗೆ ಬೇರೆ ಥರ ಕಂಡಿತು. ಟೋಪಿ ಹಾಕತೊಡಗಿದ. ಎತ್ತರದ ಕಾಲರಿನ ಹೊಸ ಅಂಗಿಗಳು ಬಂದವು. ಸೆಖೆ ಎಂದು ಹೇಳಿ ಹೊರಗೆ ಪಡಸಾಲೆಯಲ್ಲಿ ಮಲಗಿದ. ನಿನ್ನ ಜೊತೆ ಹೊರಟರೆ ನಾಲ್ಕು ಹೆಜ್ಜೆ ಹಿಂದೆಯೇ ನಡೆದ. ಹೆಂಡತಿಯ ಜೊತೆ ಹೋಗಲೂ ನಾಚಿಕೆ ಅವರಿಗೆ ಎಂದು ನೀನು ಅತ್ತೆಯ ಹತ್ತಿರ ಹೇಳಿಕೊಂಡೆಯಂತೆ. ನಾಚಿಕೆಯೇನೋ ನಿಜ ಅಮ್ಮ, ತನ್ನ ಬಗ್ಗೆ. ಮುಂದೆ ನಡೆದರೆ ನೀನು ನೋಡಿಬಿಡುತ್ತೀ ಎಂಬ ಭಯ.

ಎಲ್ಲಕ್ಕಿಂತ ದೊಡ್ಡದು ಕಟಿಂಗಿನ ವಿಷಯ. ಮದುವೆಯಾದಾಗಿನಿಂದ ಅಪ್ಪನ ತಲೆಗೆ ನಿನ್ನ ಕೈ ಬಿಟ್ಟು ಬೇರೆಯವರ ಕತ್ತರಿ ತಾಕಿರಲಿಲ್ಲ. ಬಾಲ್ಕನಿಯಲ್ಲಿ ಸ್ಟೂಲು, ಕುತ್ತಿಗೆಗೆ ಆ ನೀಲಿ ಹಳೇ ಬೆಡ್‌ಶೀಟು, ನೀನು ಕತ್ತರಿ ಆಡಿಸುತ್ತಾ ಅಪ್ಪನ ಕಡೆಯವರ ಜನ್ಮ ಜಾಲಾಡುವುದು. ಕಿವಿಯ ಹತ್ತಿರ ಕತ್ತರಿ ಇರುವಾಗ ಯಾವ ಗಂಡ ಎದುರು ಮಾತಾಡುತ್ತಾನೆ ಹೇಳು! ಆಮೇಲೆ ಒಂದು ದಿನ ಅಪ್ಪ, ಇನ್ಮೇಲೆ ಹೊರಗೆ ಮಾಡಿಸ್ಕೋತೀನಿ, ಅಲ್ಲಿ ಸ್ಟೈಲಾಗಿ ಮಾಡ್ತಾರೆ ಅಂದ. ನೀನು ಬೆಡ್‌ಶೀಟ್ ಮಡಚಿ ಅಟ್ಟಕ್ಕೆ ಹಾಕಿದೆ. ನೀನು ಬೈದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಎರಡು ತಿಂಗಳೊಳಗೆ ವಾರ್ಡನ್ ಕೆಲಸ ಹಿಡಿದು ಹೊರಟೇಬಿಟ್ಟೆ.

ಅಪ್ಪ ಯಾವ ಅಂಗಡಿಗೂ ಹೋಗಲಿಲ್ಲ ಅಮ್ಮ. ಬಚ್ಚಲಿನಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಇಟ್ಟುಕೊಂಡು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಕಿವಿಯ ಪಕ್ಕ ಸೊಟ್ಟ ಇರುತ್ತಿತ್ತಲ್ಲ, ಅದೇ ಆ ಸ್ಟೈಲು.

ನೀನು ಹೋದಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮೊದಲು ಅದೇ ಜಾಗಕ್ಕೆ ಫೋನ್ ಮಾಡಿದೆವು. ಬನ್ನಿ ಸಾರ್, ಇನ್ನೊಂದು ಸಲ ತೆಗೆದು ಮುಂದೆ ಇನ್ನೂ ದಟ್ಟ ಮಾಡೋಣ ಅಂದರು. ಹಿಂದೆ ಏನೂ ಉಳಿದಿಲ್ಲ ಮಾರಾಯರೇ ಅಂದರೆ, ಅದೇನು ಕಾಣಲ್ಲ ಬಿಡಿ ಅಂದರು. ಅಪ್ಪ ಅದಕ್ಕೂ ತಲೆಯಾಡಿಸುವುದರಲ್ಲಿದ್ದ. ಆ ದಿನ ನಾನು ಅವನ ಮೇಲೆ ಕೂಗಾಡಿದ್ದನ್ನು ಪಕ್ಕದ ಅಂಗಡಿಯವರೂ ಕೇಳಿಸಿಕೊಂಡರು. ಕೊನೆಗೆ ಕೇಳಿ ಕೇಳಿ ಒಬ್ಬ ಡಾಕ್ಟರಮ್ಮನನ್ನು ಹುಡುಕಿದೆ. ಕನ್ನಡಕದ ಅಂಗಡಿಯ ಮಹಡಿ ಮೇಲೆ ಸಣ್ಣ ಕ್ಲಿನಿಕ್ಕು, ಗೋಡೆಯ ಮೇಲೆ ಒಬ್ಬರ ನಗುಮುಖದ ಫೋಟೋ ಕೂಡ ಇಲ್ಲ. ಅದು ನೋಡಿಯೇ ನನಗೆ ನಂಬಿಕೆ ಬಂತು.

ಅವರು ಭೂತಗನ್ನಡಿ ಹಿಡಿದು ಹಿಂದಲೆಯನ್ನು ಬಹಳ ಹೊತ್ತು ನೋಡಿದರು. ಅಪ್ಪ ಕಟಕಟೆಯಲ್ಲಿ ನಿಂತವನ ಹಾಗೆ ಟೋಪಿ ಹಿಸುಕುತ್ತಾ ಕೂತಿದ್ದ. ಆಮೇಲೆ ಅವರು, ಕಿತ್ತಿದ್ದು ಮತ್ತೆ ಹುಟ್ಟಲ್ಲ, ಹುಟ್ಟಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ಹೋಗ್ಬೇಡಿ ಅಂದರು. ಅಪ್ಪನ ಕಣ್ಣು ನೆಲಕ್ಕಿಳಿಯಿತು. ಡಾಕ್ಟರಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಉಳಿದ ಕೂದಲು ಗಟ್ಟಿಯಾಗಿದೆ, ಚರ್ಮ ಚೆನ್ನಾಗಿದೆ, ಗಡ್ಡದಿಂದ ಸ್ವಲ್ಪ ತಂದು ಖಾಲಿ ಇರೋ ಕಡೆ ಹಾಕೋಣ, ಮಧ್ಯೆ ಬಣ್ಣದ ಚುಕ್ಕಿ ಇಡೋಣ, ಹಿಂದಿದ್ದವರು ಒಂದ್ಸಲ ನೋಡ್ತಾರೆ, ಎರಡನೇ ಸಲ ನೋಡಲ್ಲ, ಅಷ್ಟು ಮಾಡಿಕೊಡ್ತೀನಿ ಅಂದರು. ಅಪ್ಪ ಅಲ್ಲೇ ಅತ್ತುಬಿಟ್ಟ ಅಮ್ಮ. ಅಜ್ಜಿ ಹೋದಾಗ ಬಿಟ್ಟರೆ ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಗಡ್ಡ ಬಿಡಿ ಅಂದರು, ಬಿಟ್ಟ. ಸನ್ಯಾಸಿಯ ಹಾಗೆ ಕಾಣುತ್ತಿದ್ದ, ಫೋಟೋಗೆ ಬಂದವರು ಕಾಲಿಗೆ ಬೀಳುವುದೊಂದು ಬಾಕಿ. ಮೊದಲು ಕಿವಿಯ ಹಿಂದೆ ಸ್ವಲ್ಪ ಜಾಗದಲ್ಲಿ ಮಾತ್ರ ನೆಟ್ಟು, ಹಿಡಿಯುತ್ತದೋ ಇಲ್ಲವೋ ಕಾದು ನೋಡಿದರು. ನೆಟ್ಟದ್ದು ಕೆಲವು ವಾರಕ್ಕೆ ಉದುರಿತು. ಉದುರಿಯೇ ಮತ್ತೆ ಬರುವುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರೂ ಅಪ್ಪ ದಿಂಬಿನ ಮೇಲಿನ ಕೂದಲು ಆರಿಸಿ ಪೊಟ್ಟಣ ಕಟ್ಟಿ ಕೂತಿದ್ದ. ಆಮೇಲೆ ಮೆಲ್ಲಗೆ ಮೊಳೆಯಿತು. ಆಗ ಉಳಿದ ಕಡೆಯೂ ಹಾಕಿದರು. ಗಡ್ಡದ ಕೂದಲಲ್ಲವೇ, ಸ್ವಲ್ಪ ಒರಟು. ಗದ್ದದಲ್ಲಿದ್ದ ಮೊಂಡುತನ ಈಗ ಬುರುಡೆಯ ಹಿಂದಕ್ಕೂ ಹತ್ತಿದೆ ಎಂದು ನಾನು ರೇಗಿಸುತ್ತೇನೆ.

ಕಡೆಗೆ ಚುಕ್ಕಿ. ಸೂಜಿಯಲ್ಲಿ ಬಣ್ಣ ಅದ್ದಿ, ಕತ್ತರಿಸಿದ ಕೂದಲಿನ ತುದಿಯಷ್ಟೇ ಸಣ್ಣದಾಗಿ ಇಡುತ್ತಾರೆ. ಅಪ್ಪ ಹಿಂದಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮೊಡವೆ ಅಳಿಸುತ್ತಿದ್ದನಲ್ಲ, ಬಾಯಿ ಸುಮ್ಮನಿರುತ್ತದೆಯೇ? ಕವುಚಿ ಮಲಗಿಕೊಂಡೇ ಬಣ್ಣ ಇನ್ನೂ ಕಪ್ಪು ಮಾಡಿ ಎಂದು ಪಾಠ ಶುರು ಮಾಡಿದ. ಡಾಕ್ಟರಮ್ಮ, ನಿಮ್ಮ ತಲೆ ನಿಮ್ಮ ಫೋಟೋ ಅಲ್ಲ, ಕಪ್ಪು ಮಾಡಿದ್ರೆ ಬಿಸಿಲಲ್ಲಿ ಶಾಯಿ ಚೆಲ್ಲಿದಂಗೆ ಕಾಣುತ್ತೆ, ಸುಮ್ನೆ ಮಲಗಿ ಅಂದರು. ನಿನ್ನ ನಂತರ ಅವನನ್ನು ಸುಮ್ಮನಾಗಿಸಿದ ಹೆಂಗಸು ಇವರೊಬ್ಬರೇ. ಮುಗಿದ ಮೇಲೆ ನೋಡಿದರೆ ಅವರು ಹೇಳಿದ್ದೇ ಸರಿ.

ಈಗ ಹೇಗಿದೆ ಎಂದರೆ, ಹುಡುಕಿದರೆ ಕಾಣುತ್ತದೆ. ಸುಳ್ಳು ಹೇಳುವುದಿಲ್ಲ. ಒದ್ದೆಯಾದಾಗ ತೆಳು ಎನಿಸುತ್ತದೆ. ಕತ್ತಿನ ಹತ್ತಿರ ಸಣ್ಣ ಬಿಳಿ ಕಲೆಗಳು ಒಂದಿಷ್ಟು ಉಳಿದಿವೆ. ಆದರೆ ಹುಡುಕಬೇಕು.

ಗುರುವಾರ ಕೊನೆಯ ಸಲ ತೋರಿಸಿ ಬರುವಾಗ ಒಂದು ಕಥೆಯಾಯಿತು. ಬಸ್ಸಿನಲ್ಲಿ ಯಾವಾಗಲೂ ಕಟ್ಟಕಡೆಯ ಸೀಟು ಹುಡುಕುತ್ತಿದ್ದವನು ಅವತ್ತು ಮುಂದಿನ ಸೀಟಿನಲ್ಲೇ ಕೂತ. ಟೋಪಿ ಕೈಯಲ್ಲಿತ್ತು. ಹಿಂದೆ ಬಸ್ಸು ತುಂಬ ಜನ. ಅರ್ಧ ದಾರಿಯಲ್ಲಿ ಹಿಂದಿನವರೊಬ್ಬರು ಅಪ್ಪನ ಭುಜ ತಟ್ಟಿದರು. ಅಪ್ಪ ಮರದ ಕೊರಡಿನ ಹಾಗೆ ಸೆಟೆದುಕೊಂಡು ನನ್ನ ಕೈ ಹಿಡಿದುಕೊಂಡ. ತಿರುಗಿದರೆ ಆ ಮನುಷ್ಯ, ಸಾರ್, ಗಾಳಿ ಜಾಸ್ತಿ ಬರ್ತಿದೆ, ಸ್ವಲ್ಪ ಕಿಟಕಿ ಮುಚ್ತೀರಾ ಅಂದ. ಅಷ್ಟೇ! ಅಪ್ಪ ಕಿಟಕಿ ಮುಚ್ಚಿ ನಗಲು ಶುರುಮಾಡಿದವನು ನಮ್ಮ ಸ್ಟಾಪ್ ಬಂದರೂ ನಿಲ್ಲಿಸಲಿಲ್ಲ. ಕಂಡಕ್ಟರ್ ನನ್ನನ್ನು ಕನಿಕರದಿಂದ ನೋಡಿದ. ನನಗೂ ನಗು, ಕಣ್ಣಲ್ಲಿ ನೀರು, ಎಷ್ಟು ಹಗುರವಾಯಿತೆಂದರೆ ಇಳಿದು ಮನೆಯವರೆಗೂ ಇಬ್ಬರೂ ಸುಮ್ಮಸುಮ್ಮನೆ ನಗುತ್ತಾ ನಡೆದೆವು.

ಡಾಕ್ಟರಮ್ಮ ಕೊನೆಗೆ ಒಂದು ಮಾತು ಹೇಳಿದರು. ಮೆಷಿನ್ ತಾಕಿಸಬಾರದು, ಕತ್ತರಿಯಲ್ಲೇ ಮಾಡಬೇಕು, ಎಲ್ಲಿ ಬಿಡಬೇಕು ಎಲ್ಲಿ ತೆಗೀಬೇಕು ಅಂತ ನಿಮ್ಮ ತಲೆ ಗೊತ್ತಿರೋರೇ ಮಾಡಿದ್ರೆ ಒಳ್ಳೇದು, ಅಂಥೋರು ಯಾರಾದ್ರೂ ಇದ್ದಾರಾ ಅಂತ. ಇದ್ದಾರೆ ಅಂದ ಅಪ್ಪ. ಆಮೇಲೆ, ಇದ್ರು ಅಂದ.

ಅಮ್ಮ, ಆ ಕೆಲಸ ನಿನಗೆ ಇಷ್ಟವಾಗಿದ್ದರೆ ಖಂಡಿತ ಇಟ್ಟುಕೋ. ಆ ಹುಡುಗಿಯರು ನಿನಗೆ ಹೆದರುತ್ತಾರೆ, ನಿನ್ನನ್ನು ಹಚ್ಚಿಕೊಂಡೂ ಇದ್ದಾರೆ ಎಂದು ಗೊತ್ತು. ಆದರೆ ಇಲ್ಲಿ ನಿನಗೆ ಜಾಗವಿಲ್ಲ ಎಂದು ತಿಳಿದು ಒಪ್ಪಬೇಡ. ಒಪ್ಪಿಗೆ ಹೇಳುವ ಮುಂಚೆ ಒಂದೇ ಒಂದು ಸಲ ಅಪ್ಪನನ್ನು ನೋಡು. ಬೈಯಬೇಕೆನಿಸಿದರೆ ಚೆನ್ನಾಗಿ ಬೈ, ಅವನಿಗೂ ಅದು ಬೇಕಾಗಿದೆ. ಇಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೂ ಒಂದೆರಡು ಉಳಿಸು.

ನಿನ್ನ ಉತ್ತರದ ದಾರಿ ನೋಡುತ್ತಾ,

ನಿನ್ನ ಮಗಳು,
ಪುಟ್ಟಿ

ಮರೆತ ಮಾತು: ಕವರಿಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ವಿಳಾಸ ನೋಡಿದ. ಎಲ್ಲಾ ಬರೆದಿದ್ದೀಯಾ ಅಂದ. ಎಲ್ಲಾ ಅಂದೆ. ಬೈಯುತ್ತಾನೆ ಅಂದುಕೊಂಡರೆ ಕುರ್ಚಿ ಎಳೆದು ಕೂತ. ಒಳ್ಳೇದಾಯ್ತು ಮಗಳೇ, ನಂಗೆ ಇದನ್ನ ಹೇಳೋಕೆ ಬಾಯಿ ಬರಲ್ಲ, ಅಂಚೆಗೆ ಹಾಕ್ಬೇಡ, ನಾನೇ ಕೊಟ್ಟು ಬರ್ತೀನಿ ಅಂದ. ಒಗೆದ ಅಂಗಿ ಹಾಕಿಕೊಂಡು ಬಸ್ಸಿಗೆ ಹೊರಟು ನಿಂತಿದ್ದಾನೆ, ಅದಕ್ಕೇ ಇದನ್ನು ಅವಸರದಲ್ಲಿ ಗೀಚುತ್ತಿದ್ದೇನೆ. ಕವರು ನಿನ್ನ ಕೈಗೆ ಕೊಟ್ಟು, ನಿನಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾನಂತೆ. ಅವಳು ಪೂರ್ತಿ ಓದಿ, ಪೂರ್ತಿ ನೋಡಿ ಕರೆಯೋವರೆಗೂ ತಿರುಗಲ್ಲ ಎನ್ನುತ್ತಿದ್ದಾನೆ. ಕಾಲು ನೋವಿನ ಮನುಷ್ಯ. ಓದಿ ಮುಗಿಯಿತಲ್ಲ ಅಮ್ಮ, ಇನ್ನು ಕರಿ.