ಇಂಪನಾಳ ತಲೆಯ ಅಲೆಗಳು

ಹಾಲೇಶಣ್ಣಾ,

ನಿನ್ನನ್ನು ಕೊಂಡೊಯ್ದ ಮೂರ್ಛೆರೋಗವೇ ನನ್ನ ಮಗಳು ಇಂಪನಾಳಿಗೂ ಬಂದಿದೆ. ಇವತ್ತು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆದೊಯ್ದು, ತಲೆಗೆ ವೈರು ಅಂಟಿಸಿ ಇಇಜಿ ಮಾಡಿಸಿದೆ. ಪರದೆಯ ಮೇಲೆ ಮಿದುಳಿನ ಬಲಭಾಗದ ಅಲೆಗಳು ಒಮ್ಮೆಲೇ ಎದ್ದವು. ನಾನು ಉಸಿರು ಬಿಡುವಷ್ಟರಲ್ಲಿ ಎಡಭಾಗವೂ ಅದೇ ಲಯದಲ್ಲಿ ಕುಣಿಯತೊಡಗಿತು. ಅವಳ ಹಲ್ಲು ಕಚ್ಚಿಕೊಂಡಿತು.

"ಮಾತ್ರೆ ಸಾಲ್ತಿಲ್ಲಮ್ಮ. ಎರಡೂ ಭಾಗ ಕೂಡಿಸೋ ನರಗಳನ್ನ ಕತ್ತರಿಸಿದ್ರೆ ಬೀಳೋದು ಕಡಿಮೆಯಾಗುತ್ತೆ. ಆದ್ರೆ ಸ್ವಲ್ಪ ಕಾಲ ಎರಡೂ ಕೈಗಳ ಹೊಂದಾಣಿಕೆ ತಪ್ಪಬಹುದು," ಎಂದರು ಡಾಕ್ಟರು.

ನಾನು ಬೇಡವೆನ್ನುವ ಮೊದಲೇ, ಅಷ್ಟರಲ್ಲಿ ಎಚ್ಚರವಾಗಿದ್ದ ಇಂಪನಾ ಹೇಳಿದಳು: "ಜಡೆ ನೀನೇ ಹಾಕಮ್ಮ. ನಂಗೆ ಬಿದ್ದು ಬಿದ್ದು ಸಾಕಾಗಿದೆ."

ಒಪ್ಪಿಕೊಂಡೆ.

ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ನಿದ್ದೆಹೋದಳು. ಮೂರ್ಛೆ ನಿಲ್ಲಲೆಂದು ತಾಯತ ಕಟ್ಟಿಸಿಕೊಂಡು ಬರುವಾಗ ನೀನೂ ಹೀಗೇ ಮಲಗುತ್ತಿದ್ದೆ.