ಖಾಲಿ ಜಾಗ

ಕಿಂಗ್ಸ್‌ಬರಿ, ಲಂಡನ್
೧೪ ಮಾರ್ಚ್ ೨೦೦೩

ಭಾವನವರಿಗೆ ನೀಲವ್ವ ಮಾಡುವ ನಮಸ್ಕಾರ.

ಒಂದೇ ಮನೆಯಲ್ಲಿದ್ದು ಪತ್ರ ಬರೆದಳೆಂದು ನಗಬೇಡಿರಿ. ನಿಮ್ಮೆದುರು ನಿಂತು ಮಾತಾಡಿದ ರೂಢಿ ನನಗಿಲ್ಲ.

ನಿಮ್ಮ ಮೇಜು ಒರೆಸುವಾಗ ನನ್ನ ತವರೂರಿನ ನಕ್ಷೆ ನೋಡಿದೆ. ಸಗಣಿ ಗ್ಯಾಸಿನಿಂದ ಕರೆಂಟು ತೆಗೆಯುವ ಘಟಕಕ್ಕೆ ಶಾಲೆಯ ಹಿಂದೆ ಗುರುತು ಹಾಕಿ ‘ಖಾಲಿ ಜಾಗ’ ಎಂದು ಬರೆದಿದ್ದೀರಿ. “ಊರಾಗ ಎಲ್ಲಾರನ್ನೂ ಕೇಳೇವಿ, ಯಾರೂ ಬ್ಯಾಡ ಅಂದಿಲ್ಲ” ಎಂದು ನೀವು ಫೋನಿನಲ್ಲಿ ಹೇಳಿದ್ದು ಅಡಿಗೆಮನೆಗೆ ಕೇಳಿಸಿತು. ಊರವರನ್ನು ಕೇಳಿದ ಆ ಸಭೆಯಲ್ಲಿ ಚಹಾ ಕೊಟ್ಟವಳು ನಮ್ಮವ್ವ. ಫೋನ್ ಮಾಡಿ ಅವಳನ್ನು ವಿಚಾರಿಸಿದೆ. “ನನ್ನ ಯಾರ್ ಕೇಳ್ತಾರವಾ? ಸಕ್ಕರಿ ಕಡಿಮಿ ಆತು ಅಂದ್ರು, ಅಷ್ಟ” ಎಂದಳು.

ಹೆರಿಗೆಗೆ ತವರಿಗೆ ಹೋದಾಗ ತೀರಿಕೊಂಡ ನನ್ನ ಕೂಸನ್ನು ನೀವು ಗುರುತು ಹಾಕಿದ ಆ ಜಾಗದಲ್ಲಿಯೇ ಮಣ್ಣು ಮಾಡಿದ್ದಾರೆ. ಎಳೆಗೂಸಿಗೆ ಕಲ್ಲು ನೆಡುವುದಿಲ್ಲ. ಹಾಗಾಗಿ ಅಳೆಯಲು ಬಂದವರಿಗೆ ಕಂಡಿರಲಿಕ್ಕಿಲ್ಲ.

ಊರಿಗೆ ಕರೆಂಟು ಬೇಕು. ಘಟಕವನ್ನು ಹುಣಸೆಮರದ ಕಡೆಗೆ ಇಪ್ಪತ್ತು ಹೆಜ್ಜೆ ಸರಿಸಿದರೆ ಸಾಕು. ಮರ ನಿಮ್ಮ ನಕ್ಷೆಯಲ್ಲಿಲ್ಲ, ಬಾವಿಯ ಪಕ್ಕದಲ್ಲಿದೆ.

ಉತ್ತರ ಬರೆಯುವುದು ಬೇಡ. ಆ ಎರಡು ಶಬ್ದ ಅಳಿಸಿ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿಡಿರಿ. ನಾಳೆ ಒರೆಸುವಾಗ ನೋಡುತ್ತೇನೆ.

ನಿಮ್ಮ ತಮ್ಮನ ಹೆಂಡತಿ,
ನೀಲವ್ವ